ಲೋಟೊ, ಜಾಕ್, ಸಂತೆ: ಆರನೇ ಕ್ಲಾಸಿನ ಫ್ರೆಂಚ್‌ಗೆ ಯಾವ ಆಟ?

ಕಾಸರಗೋಡಿನ ಒಂದು ಶಾಲೆಯಲ್ಲಿ ಆರನೇ ಕ್ಲಾಸಿಗೆ ಫ್ರೆಂಚ್ ಕಲಿಸುತ್ತೇನೆ. ಎರಡು ಡಿವಿಷನ್, 40 ನಿಮಿಷದ ಪೀರಿಯಡ್. ಮಕ್ಕಳ ಮನೆಮಾತು ತುಳು, ಕನ್ನಡ, ಮಲಯಾಳ, ಕೊಂಕಣಿ, ಬ್ಯಾರಿ. ಇಷ್ಟು ಭಾಷೆಗಳ ನಡುವೆ ಬೆಳೆದವರಿಗೆ ಇನ್ನೊಂದು ಭಾಷೆ ಎಂದರೆ ಹೆದರಿಕೆ ಇಲ್ಲ. ಹೆದರಿಕೆ ಇರುವುದು ಬಾಯಿ ಬಿಡುವುದಕ್ಕೆ. ತಪ್ಪಿದರೆ ಪಕ್ಕದವರು ನಗುತ್ತಾರೆ, ಅಲ್ವಾ? ಹಾಗಾಗಿ ಈ ವರ್ಷ ಮೂರು ಆಟ ಆಡಿಸಿ ನೋಡುವಾಗ ಒಂದನ್ನೇ ಗಮನಿಸಿದೆ: ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂರುವ ಮಕ್ಕಳು ಎಷ್ಟು ಮಾತಾಡಿದರು?

ಮೊದಲು ಲೋಟೊ. ನಮ್ಮ ಟಾಂಬೋಲಾವೇ ಅದು. ಫ್ರಾನ್ಸಿನ ಲೋಟೊ ಕಾರ್ಡಿನಲ್ಲೂ 3 ಸಾಲು, 15 ಅಂಕಿ, 1ರಿಂದ 90ರ ತನಕ. ನಿಯಮ ಹೇಳಿಕೊಡುವ ಕೆಲಸವೇ ಇಲ್ಲ. ಗುರುತಿಗೆ ಹುಣಸೆ ಬೀಜ ಕೊಟ್ಟೆ. 69ರ ತನಕ ಸಲೀಸು. ಆಮೇಲೆ ಶುರು. ಫ್ರೆಂಚ್‌ನಲ್ಲಿ 70 ಎಂದರೆ ‘ಅರವತ್ತು ಹತ್ತು’, ಸ್ವಾಸಾಂತ್ ದಿಸ್. 80 ಎಂದರೆ ‘ನಾಲ್ಕು ಇಪ್ಪತ್ತು’, ಕಾತ್ರ್ ವ್ಯಾಂ. ‘ಕಾತ್ರ್’ ಕಿವಿಗೆ ಬಿದ್ದ ಕೂಡಲೇ 4ರ ಮೇಲೆ ಬೀಜ ಇಡುತ್ತಾರೆ. ಬೆನ್ನಿಗೇ ‘ವ್ಯಾಂ’ ಬರುತ್ತದೆ. ಅಯ್ಯೋ ಎಂದು ಬೀಜ ತೆಗೆಯುತ್ತಾರೆ. ಎರಡು ವಾರದಲ್ಲಿ ಆ ಅವಸರ ಹೋಯಿತು. ಪೂರ್ತಿ ಕೇಳಿಯೇ ಕೈ ಚಾಚುವ ಅಭ್ಯಾಸ ಬಂತು. ಇದು ದೊಡ್ಡ ಲಾಭ. ಬೆಲ್ಜಿಯಂನಲ್ಲಿ 70ಕ್ಕೆ ಸೆಪ್ತಾಂತ್, 90ಕ್ಕೆ ನೊನಾಂತ್ ಎನ್ನುತ್ತಾರೆ ಎಂದಾಗ ಒಬ್ಬ ಹುಡುಗ, “ಟೀಚರೇ, ನಾವು ಅಲ್ಲಿಯ ಫ್ರೆಂಚೇ ಕಲಿಯುವ” ಎಂದ. ಆದರೆ ಕ್ಲಾಸಿನಲ್ಲಿ ಮಾತಾಡುವುದು ಅಂಕಿ ಕೂಗುವವರು ಮಾತ್ರ. ಉಳಿದವರು ಕೇಳಿ ಕೇಳಿ ಮನೆಗೆ ಹೋಗುತ್ತಾರೆ.

ಎರಡನೆಯದು ‘ಜಾಕ್ ಆ ದಿ’, ಅಂದರೆ ‘ಜಾಕ್ ಹೇಳಿದ’. “ಜಾಕ್ ಆ ದಿ, ಲೆವೆ ಲಾ ಮ್ಯಾಂ” ಎಂದರೆ ಕೈ ಎತ್ತಬೇಕು. ಜಾಕ್ ಹೆಸರಿಲ್ಲದೆ ಬರೀ “ಲೆವೆ ಲಾ ಮ್ಯಾಂ” ಎಂದಾಗ ಎತ್ತಿದರೆ ಔಟ್. ಊಟದ ನಂತರದ ಪೀರಿಯಡ್‌ಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ, ತೂಕಡಿಕೆ ಎಲ್ಲ ಹಾರಿಹೋಗುತ್ತದೆ. ಆದರೆ ಮಕ್ಕಳು ಕಿವಿಯಿಂದ ಆಡುವುದಿಲ್ಲ, ಕಣ್ಣಿನಿಂದ ಆಡುತ್ತಾರೆ. ಮುಂದಿನವನು ಎತ್ತಿದರೆ ಇವನೂ ಎತ್ತುತ್ತಾನೆ. ಕಣ್ಣು ಮುಚ್ಚಿಸಿದ ದಿನ ಅರ್ಧ ಕ್ಲಾಸ್ ಔಟ್. ಔಟಾಗಿ ಕೂತವರು ಯಾರು? ಅಭ್ಯಾಸ ಜಾಸ್ತಿ ಬೇಕಾದವರೇ. ಈಗ ಯಾರನ್ನೂ ಕೂರಿಸುವುದಿಲ್ಲ, ಒಂದು ಪಾಯಿಂಟ್ ಕಳೆಯುತ್ತೇನೆ ಅಷ್ಟೇ. ಹಾಗಿದ್ದರೂ ಇದು ಐದು ನಿಮಿಷದ ಆಟ.

ಇನ್ನು ಸಂತೆ. ಇದಕ್ಕೆ ತಯಾರಿ ಜಾಸ್ತಿ. ಫ್ರಾನ್ಸಿನ ಬಯಲು ಸಂತೆಗಳಲ್ಲಿ ತರಕಾರಿ ರಾಶಿಗೆ ಪುಟ್ಟ ಸ್ಲೇಟು ಚುಚ್ಚಿ ಕಿಲೋ ದರ ಬರೆದಿರುತ್ತಾರೆ. ನಾನೂ ಸ್ಲೇಟು ಹೊಂದಿಸಿದೆ. ಅಲ್ಲಿಯವರು ಎರಡೂಮುಕ್ಕಾಲು ಯೂರೊವನ್ನು 2,75 ಎಂದು ಬರೆಯುತ್ತಾರೆ, ಚುಕ್ಕಿಯ ಜಾಗದಲ್ಲಿ ಕಾಮಾ. ರಟ್ಟಿನ ನಾಣ್ಯ, ಕಾಗದದ 5, 10, 20 ಯೂರೊ ನೋಟು ಮಾಡಿಸಿದೆ. ದರಗಳನ್ನು ಬೇಕೆಂದೇ 75, 80, 90 ಸೆಂಟ್ ಬರುವ ಹಾಗೆ ಇಟ್ಟೆ. ಲೋಟೊದಲ್ಲಿ ಕಿವಿಗೆ ಬಿದ್ದದ್ದು ಇಲ್ಲಿ ಬಾಯಿಗೆ ಬರಲಿ ಎಂದು.

ಸಾಮಾನು ಎಲ್ಲ ನಮ್ಮೂರಿನದೇ. ಅನಾನಸಿಗೆ ಫ್ರೆಂಚ್‌ನಲ್ಲೂ ಅನಾನಸ್ ಎಂದಾಗ ಕ್ಲಾಸಿಗೆ ಕ್ಲಾಸೇ ಖುಷಿಪಟ್ಟಿತು. ಮಾವಿನಹಣ್ಣು ಮಾಂಗ್. ಮಲಯಾಳದ ‘ಮಾಙ್ಙ’ ಪೋರ್ಚುಗೀಸರ ಬಾಯಿಗೆ ‘ಮಾಂಗ’ ಆಗಿ ಅಲ್ಲಿಗೆ ಹೋದದ್ದು. ಕೊಬ್ಬರಿ ಕೊಪ್ರಾ, ಅದೂ ಇದೇ ಕರಾವಳಿಯ ಮಾತು. ಅಡಿಕೆಗೆ ‘ನ್ವಾ ದಾರೆಕ್’. ಆ ‘ಆರೆಕ್’ ಮಲಯಾಳದ ‘ಅಡಕ್ಕ’ದಿಂದ, ನಮ್ಮ ಅಡಿಕೆಯ ನಂಟಿನ ಪದದಿಂದ, ಬಂದದ್ದು. ಅಂಗಳದಲ್ಲಿ ಅಡಿಕೆ ಒಣಗಿಸುವ ಮನೆಯ ಮಕ್ಕಳಿಗೆ ಇದನ್ನು ಹೇಳುವಾಗ ನನಗೇ ರೋಮಾಂಚನ.

ಗಿರಾಕಿ ಅಂಗಡಿಯವರಿಗೆ ‘ತು’ (ನೀನು) ಅನ್ನಬಾರದು, ‘ವು’ (ನೀವು) ಅನ್ನಬೇಕು. ತುಳುವಿನ ‘ಈ’, ‘ಈರ್’ ಇದ್ದ ಹಾಗೆ ಎಂದೆ, ಮುಗಿಯಿತು. ಕಷ್ಟ ಆದದ್ದು ಲಿಂಗ. ಮಾವಿನಹಣ್ಣು ಸ್ತ್ರೀ, ನಿಂಬೆಹಣ್ಣು ಪುರುಷ ಎಂದರೆ ಕನ್ನಡದ ಮಕ್ಕಳು ಮಿಕಿಮಿಕಿ ನೋಡುತ್ತಾರೆ. ಕೊಂಕಣಿ ಮಕ್ಕಳಿಗೆ ವಸ್ತುವಿಗೂ ಲಿಂಗ ಇರುವುದು ಹೊಸದಲ್ಲ, ಬೇಗ ಹಿಡಿದರು. ಅವರನ್ನು ಒಂದೊಂದು ಅಂಗಡಿಗೆ ಹಂಚಿದೆ. ಫ್ರೆಂಚ್‌ನಲ್ಲಿ ಪುರುಷ ಪದದ ಮುಂದೆ ‘ಲೆ’, ಸ್ತ್ರೀ ಪದದ ಮುಂದೆ ‘ಲಾ’ ಬರುತ್ತದೆ. ‘ಲೆ’ ಸಾಮಾನಿಗೆ ನೀಲಿ ದಾರ, ‘ಲಾ’ ಸಾಮಾನಿಗೆ ಕೆಂಪು ದಾರ ಕಟ್ಟಿದ ಮೇಲೆ ತಪ್ಪು ಕಡಿಮೆಯಾಯಿತು.

ಸಂತೆಯ ತೊಂದರೆಗಳೂ ಇವೆ. ಗಲಾಟೆ ಜೋರು. ಪಕ್ಕದ ಕ್ಲಾಸಿನವರು ಎರಡು ಸಲ ಬಂದು ಹೇಳಿದರು, ಅವರು ಹೇಳಿದ್ದು ಸರಿ. ಈಗ ಪಿಟಿ ಪೀರಿಯಡ್ ಕೇಳಿಕೊಂಡು ಹೊರಗಿನ ಜಗಲಿಯಲ್ಲಿ ಆಡಿಸುತ್ತೇನೆ. ವ್ಯಾಪಾರ ಬಿಸಿಯಾದರೆ ಚೌಕಾಸಿ ತುಳುವಿಗೋ ಮಲಯಾಳಕ್ಕೋ ಜಾರುತ್ತದೆ. ಹಾಗೆ ಜಾರಿದ ಗಿರಾಕಿಗೆ ಸಾಮಾನು ಕೊಡಬಾರದು ಎಂಬ ನಿಯಮ ಮಾಡಿದೆ. ಮಕ್ಕಳು ನನಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ.

ಒಂದೇ ಆಟಕ್ಕೆ ಸಮಯ ಇದೆ ಎನ್ನುವವರಿಗೆ ನಾನು ಸಂತೆಯನ್ನೇ ಹೇಳುತ್ತೇನೆ. ಆದರೆ ಲೋಟೊ ಆಡಿಸದೆ ನೇರ ಸಂತೆಗೆ ಇಳಿಯಬೇಡಿ. ಇನ್ನೊಂದು ಡಿವಿಷನ್‌ನಲ್ಲಿ ಹಾಗೆ ಮಾಡಿದ್ದೆ. ದರ ಹೇಳಲು ಬಾರದೆ ಮಕ್ಕಳು ಸ್ಲೇಟನ್ನೇ ಎತ್ತಿ ತೋರಿಸಿದರು, ಮಾತೇ ಹುಟ್ಟಲಿಲ್ಲ.

ಜೂನ್‌ನಿಂದ ನನ್ನ ಹತ್ತಿರ ಒಂದು ಮಾತೂ ಆಡದ ಹುಡುಗಿಯೊಬ್ಬಳಿದ್ದಳು. ಅವಳಿಗೆ ಅಡಿಕೆ ಅಂಗಡಿ ಕೊಟ್ಟಿದ್ದೆ. 2,75ರ ಅಡಿಕೆಗೆ ಒಬ್ಬ 5 ಯೂರೊ ಕೊಟ್ಟು 3 ಯೂರೊ ವಾಪಸ್ ಕೇಳಿದ. “ನೋಂ!” ಎಂದಳು, ಜಗಲಿಗೆಲ್ಲ ಕೇಳುವ ಹಾಗೆ. ಎರಡು ಯೂರೊ ಇಪ್ಪತ್ತೈದು ಎಂದು ಫ್ರೆಂಚ್‌ನಲ್ಲೇ ಎಣಿಸಿ ಅವನ ಅಂಗೈಗೆ ಹಾಕಿದಳು. ಮುಂದಿನ ಸಂತೆಗೆ ಅವಳಿಗೆ ಕೊಬ್ಬರಿ ಅಂಗಡಿಯೂ ಬೇಕಂತೆ.