ನಾಲ್ಕು ಮಾತ್ರೆಗೆ ಮುಗಿಯಿತು ಅಂದುಕೊಂಡಿದ್ದೆ

ಉರಿಮೂತ್ರದ ಕಥೆಯನ್ನು ಎಲ್ಲರೆದುರು ಬರೆಯಲು ಸಂಕೋಚ. ಆದರೆ ಇದೇ ಸಂಕೋಚದಿಂದ ನಾನು ಡಾಕ್ಟರ್ ಹತ್ತಿರ ಹೋಗದೆ ಮೆಡಿಕಲ್‌ಗೆ ಹೋದದ್ದು. ಹಾಗಾಗಿ ಬರೆದೇ ಬಿಡುತ್ತೇನೆ.

ಊರು ಕುಮಟಾ, ಮನೆ ಮುಂಬೈ ಪಕ್ಕದ ಡೊಂಬಿವಲಿ, ಕೆಲಸ ಮುಂಬೈಯ ದಾದರ್. ಲೋಕಲ್ ರೈಲು ಹಿಡಿಯುವ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊರಡುವ ಮುಂಚೆ ನೀರು ಕುಡಿಯುವುದಿಲ್ಲ. ಸ್ಟೇಷನ್ನಿನ ಶೌಚಾಲಯ ನೆನಪಾದರೆ ಆಫೀಸಿನ ತನಕ ತಡೆದುಕೊಳ್ಳುತ್ತೇವೆ. ಹೋದ ವರ್ಷ ಏಪ್ರಿಲ್‌ನಲ್ಲಿ ಉರಿ ಶುರುವಾಯಿತು. ಅತ್ತೆ ಬಾರ್ಲಿ ನೀರು ಮಾಡಿಕೊಟ್ಟರು. ಕಡಿಮೆಯಾಗಲಿಲ್ಲ. ಲೇಡೀಸ್ ಡಬ್ಬಾದಲ್ಲಿ ಗೆಳತಿಯ ಕಿವಿಯಲ್ಲಿ ಹೇಳಿದೆ. ಅವಳು ಪರ್ಸಿನಿಂದ ಒಂದು ಖಾಲಿ ಸ್ಟ್ರಿಪ್ ತೆಗೆದಳು. ಸಿಪ್ರೊಫ್ಲಾಕ್ಸಾಸಿನ್, ಬ್ಯಾಕ್ಟೀರಿಯಾ ಕೊಲ್ಲುವ ಆಂಟಿಬಯೋಟಿಕ್. "ಫೋಟೋ ತೆಗೆದುಕೋ ಮಾರಾಯ್ತಿ, ಮೂರು ದಿನದಲ್ಲಿ ಖಲಾಸ್."

ಮನೆ ಹತ್ತಿರದ ಮೆಡಿಕಲ್‌ನವನು ಚೀಟಿ ಕೇಳಲೇ ಇಲ್ಲ. "ಕಿತ್ನಾ ದೂ?" ಅಂದ, ಅಷ್ಟೇ. ಆರು ಅಂದೆ. ಕತ್ತರಿಯಲ್ಲಿ ಸ್ಟ್ರಿಪ್ ಕತ್ತರಿಸಿ ಕೊಟ್ಟ. ನಾಲ್ಕು ಮಾತ್ರೆಗೆ ಉರಿ ಹೋಯಿತು. ಉಳಿದ ಎರಡು ಪರ್ಸಿನಲ್ಲೇ ಇದ್ದವು. ಸ್ವಲ್ಪ ದಿನದಲ್ಲಿ ಡಬ್ಬಾದ ಇನ್ನೊಬ್ಬಳಿಗೂ ಇದೇ ತೊಂದರೆ. ಆ ಎರಡನ್ನು ಅವಳಿಗೆ ಕೊಟ್ಟೆ. ಉಪಕಾರ ಮಾಡಿದೆ ಅಂತ ಖುಷಿ ಬೇರೆ!

ಜೂನ್‌ನಲ್ಲಿ ಮತ್ತೆ ಬಂತು. ಈ ಸಲ ಸಿಪ್ರೊ ಕೆಲಸ ಮಾಡಲಿಲ್ಲ. "ಸ್ಟ್ರಾಂಗ್ ವಾಲಾ ದೇತಾ ಹೂಂ" ಅಂತ ಮೆಡಿಕಲ್‌ನವನು ಸೆಫಿಕ್ಸಿಮ್ ಅನ್ನುವ ಇನ್ನೊಂದು ಆಂಟಿಬಯೋಟಿಕ್ ಕೊಟ್ಟ. ಐದು ಮಾತ್ರೆ ನುಂಗಿದೆ, ಆರಾಮಾಯಿತು. ಜುಲೈ ಕೊನೆಗೆ ಮತ್ತೆ ಅದೇ ಉರಿ, ಅದೇ ಮಾತ್ರೆ. ಚೌತಿಯ ಹಿಂದಿನ ದಿನ ಕಾಯಿ ತುರಿಯುತ್ತಾ ಕೂತವಳಿಗೆ ಗಡಗಡ ನಡುಕ, ಬಲಗಡೆ ಬೆನ್ನಿನಲ್ಲಿ ನೋವು, ವಾಂತಿ. ಸೋಂಕು ಕಿಡ್ನಿಗೆ ಏರಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಹಿಂದೆ ಯೂರಿನ್ ಕಲ್ಚರ್ ಮಾಡಿಸಿದ್ದೀರಾ?" ಅಂಥದ್ದೊಂದು ಪರೀಕ್ಷೆ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ, ಯಾವ ಮದ್ದಿಗೆ ಸಾಯುತ್ತದೆ, ಯಾವುದಕ್ಕೆ ಇಲ್ಲ ಅಂತ ನೋಡುತ್ತಾರೆ. ಎರಡು ಮೂರು ದಿನ ಹಿಡಿಯುತ್ತದೆ. ಮೊದಲ ಮಾತ್ರೆ ನುಂಗುವ ಮುಂಚೆಯೇ ಸ್ಯಾಂಪಲ್ ಕೊಡಬೇಕು, ಇಲ್ಲದಿದ್ದರೆ ರಿಪೋರ್ಟ್ ದಾರಿ ತಪ್ಪಿಸಬಹುದು.

ನನ್ನ ರಿಪೋರ್ಟಿನಲ್ಲಿ ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾ ಇತ್ತು. ಎಲ್ಲರ ಕರುಳಿನಲ್ಲೂ ಇರುವಂಥದ್ದೇ. ಸಿಪ್ರೊ ಎದುರು 'ಆರ್', ಸೆಫಿಕ್ಸಿಮ್ ಎದುರು 'ಆರ್', ಅಂದರೆ ರೆಸಿಸ್ಟೆಂಟ್. ಕೆಳಗೆ 'ಇಎಸ್‌ಬಿಎಲ್ ಪಾಸಿಟಿವ್' ಅಂತ ಬರೆದಿತ್ತು. ಸೆಫಿಕ್ಸಿಮ್ ಜಾತಿಯ ಮದ್ದುಗಳನ್ನೇ ಒಡೆದು ಹಾಕುವ ಕಿಣ್ವ ಈ ಬ್ಯಾಕ್ಟೀರಿಯಾದ ಹತ್ತಿರ ಇದೆಯಂತೆ.

"ನನ್ನ ಮೈಗೆ ಆ ಮಾತ್ರೆ ಒಗ್ಗಿಹೋಗಿದೆಯಾ?" ಅಂತ ಕೇಳಿದೆ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ, ಅಲ್ವಾ? ಒಗ್ಗಿದ್ದು ಮೈಗಲ್ಲ, ಬ್ಯಾಕ್ಟೀರಿಯಾಕ್ಕೆ. ಪ್ರತಿ ಸಲ ನಾನು ನುಂಗಿದ ಮಾತ್ರೆ ಕರುಳಿನ ಸಾಧು ಬ್ಯಾಕ್ಟೀರಿಯಾಗಳನ್ನು ಕೊಂದು ಗಟ್ಟಿಗರಿಗೆ ಜಾಗ ಮಾಡಿಕೊಟ್ಟಿತ್ತು. ಗದ್ದೆಯಲ್ಲಿ ಪೈರು ಕಿತ್ತು ಕಳೆ ಉಳಿಸಿದ ಹಾಗೆ. ಇವು ಮನೆಯವರಿಗೂ ದಾಟಬಹುದು ಅಂತ ಡಾಕ್ಟರ್ ಅಂದಾಗ ಅತ್ತೆಯ ಮುಖ ಕಣ್ಣೆದುರು ಬಂತು.

ಎರ್ಟಾಪೆನೆಮ್ ಅನ್ನುವ ಇಂಜೆಕ್ಷನ್, ದಿನಕ್ಕೊಂದು, ರಕ್ತನಾಳದೊಳಗೆ, ಏಳು ದಿನ. ಮೂರು ದಿನ ಅಡ್ಮಿಟ್, ಆಮೇಲೆ ರಿಕ್ಷಾದಲ್ಲಿ ಹೋಗಿ ಬಂದೆ. ಕೈ ಊದಿಕೊಂಡು ಬಳೆ ಏರುತ್ತಿರಲಿಲ್ಲ. ಮೂರೂ ಸಲದ ಮಾತ್ರೆಗೆ ಸೇರಿ ಕೊಟ್ಟ ದುಡ್ಡಿನ ಐದು ಪಟ್ಟು ಒಂದೊಂದು ಇಂಜೆಕ್ಷನ್ನಿಗೆ ಹೋಯಿತು. ದುಡ್ಡು ಹಾಳಾಗಲಿ ಬಿಡಿ. ಈ ಮದ್ದಿಗೂ ಬಗ್ಗದ ಬ್ಯಾಕ್ಟೀರಿಯಾಗಳು ನಮ್ಮ ದೇಶದ ಆಸ್ಪತ್ರೆಗಳಲ್ಲಿ ಈಗಾಗಲೇ ಇವೆ. 2019ರಲ್ಲಿ ಮದ್ದಿಗೆ ಬಗ್ಗದ ಸೋಂಕಿನಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅನ್ನುವುದು ಒಂದು ಅಂದಾಜು. ಹಾಸಿಗೆಯಲ್ಲಿ ಮಲಗಿ ಇದನ್ನೆಲ್ಲ ಮೊಬೈಲಿನಲ್ಲಿ ಓದಬಾರದಿತ್ತು.

ಸೆಫಿಕ್ಸಿಮ್ ಇರುವುದು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಮದ್ದುಗಳ 'ಶೆಡ್ಯೂಲ್ ಎಚ್1' ಪಟ್ಟಿಯಲ್ಲಿ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ನಿಯಮ ಅದು. ಚೀಟಿ ಬರೆದ ಡಾಕ್ಟರ್, ರೋಗಿ, ಮದ್ದು, ಎಷ್ಟು ಕೊಟ್ಟದ್ದು, ಎಲ್ಲವನ್ನೂ ಅಂಗಡಿಯವರು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಹುಷಾರಾದ ಮೇಲೆ ಅದೇ ಮೆಡಿಕಲ್‌ಗೆ ಹೋಗಿ, ನನ್ನ ಮಾತ್ರೆಗೆ ಯಾವ ಡಾಕ್ಟರ್ ಹೆಸರು ಬರೆದೆ ಅಂತ ಕೇಳಿದೆ. ನಕ್ಕ. "ಆಪ್ ಹೀ ನೇ ತೋ ಮಾಂಗಾ ಥಾ, ಮ್ಯಾಡಮ್." ಸಿಪ್ರೊ ಕೇಳಿದ್ದು ನಾನೇ, ಸುಳ್ಳಲ್ಲ. ಸೆಫಿಕ್ಸಿಮ್ ಆರಿಸಿದ್ದು ಅವನು.

ಮೊನ್ನೆ ಲೋಕಲ್‌ನಲ್ಲಿ ಆ ಎರಡು ಮಾತ್ರೆ ತೆಗೆದುಕೊಂಡವಳು ಪಕ್ಕ ಬಂದು ಕೂತಳು. "ಆವತ್ತು ಕೊಟ್ಟಿದ್ದೆಯಲ್ಲ, ಅದರ ಹೆಸರೇನು? ಮತ್ತೆ ಶುರುವಾಗಿದೆ." ಹೆಸರು ಹೇಳಲಿಲ್ಲ. ದಾದರ್‌ನಲ್ಲಿ ಇಳಿಸಿಕೊಂಡು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಆಫೀಸಿಗೆ ಇಬ್ಬರೂ ಲೇಟ್. ಅವಳ ಕಲ್ಚರ್ ರಿಪೋರ್ಟ್ ಶನಿವಾರ ಬರಬೇಕು.