ಯೆಜ್ಡಿಗೆ ಡಬ್ಬಿ ಬಣ್ಣ: ಮಡ್ಗಾರ್ಡಿಗೆ ಸೈ, ಟ್ಯಾಂಕಿಗೆ ಬೇಡ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಬಂದ ಅಪ್ಪನ ಯೆಜ್ಡಿ ಬೈಕ್ ಮಾತ್ರ ನಮ್ಮ ಹಿತ್ತಿಲಲ್ಲಿ ಇನ್ನೂ ಉಸಿರಾಡುತ್ತಿದೆ. ಪೇಂಟರ್ ಹೇಳಿದ ದರಕ್ಕೆ ಬೆಚ್ಚಿ, ಹಾರ್ಡ್‌ವೇರ್ ಅಂಗಡಿಯಿಂದ ಮೂರು ಸ್ಪ್ರೇ ಡಬ್ಬಿ ತಂದೆ: ಪ್ರೈಮರ್ (ಅಡಿಬಣ್ಣ), ಕಪ್ಪು, ಕ್ಲಿಯರ್ ಕೋಟ್ (ಮೇಲಿನ ಪಾರದರ್ಶಕ ಪದರ).

ಬಣ್ಣ ಹೊಡೆಯುವುದು ಹತ್ತು ನಿಮಿಷದ ಕೆಲಸ. ಉಜ್ಜುವುದಕ್ಕೆ ಎರಡು ಭಾನುವಾರ ಹೋದವು. ಹಿಂದಿನ ಮಡ್ಗಾರ್ಡಿನ ಕಪ್ಪಿನ ಕೆಳಗೆ ಕೆಂಪು, ಕೆಂಪಿನ ಕೆಳಗೆ ತುಕ್ಕು. 120 ನಂಬರಿನ ಉಜ್ಜುಕಾಗದದಿಂದ ತುಕ್ಕು ತೆಗೆದು, 320ರಲ್ಲಿ ಗೀರು ಅಳಿಸಿ, ಪ್ರೈಮರ್ ಒಣಗಿದ ಮೇಲೆ 600ರ ಕಾಗದವನ್ನು ನೀರಿನಲ್ಲಿ ಅದ್ದಿ ಸವರಿದೆ. ಬೆರಳ ತುದಿಗೆ ಏನೂ ತಡೆಯಬಾರದು. ಕಣ್ಣನ್ನು ನಂಬಬೇಡಿ.

ಡಬ್ಬಿಯ ಮೂತಿ ಒಳ್ಳೆಯದು, ಹನಿ ಉದುರಿಸಲಿಲ್ಲ. ಒಂದು ಗೇಣು ದೂರದಿಂದ ಮೂರು ತೆಳು ಪದರ ಸಾಕು. ಎರಡನೆಯ ದಿನ ಜಿಟಿಜಿಟಿ ಮಳೆಯಿತ್ತು. ಹಟ ಮಾಡಿ ಟೂಲ್‌ಬಾಕ್ಸಿಗೆ ಹೊಡೆದೆ. ಕಪ್ಪಿನ ಮೇಲೆ ಬೂದಿ ಬಳಿದಂತೆ ಬಿಳಿಚಿಕೊಂಡಿತು. ಗಾಳಿಯ ತೇವದ ಕೆಲಸ ಅದು, ಡಬ್ಬಿಯ ತಪ್ಪಲ್ಲ.

ಆದರೆ ಟ್ಯಾಂಕಿನ ವಿಷಯದಲ್ಲಿ ಡಬ್ಬಿ ಕೈಕೊಟ್ಟಿತು. ಮುಚ್ಚಳದ ಬಳಿ ಚೆಲ್ಲಿದ ನಾಲ್ಕು ಹನಿ ಪೆಟ್ರೋಲಿಗೆ ಕ್ಲಿಯರ್ ಕೋಟ್ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು. ಟ್ಯಾಂಕಿಗೆ ಹಾರ್ಡನರ್ (ಗಟ್ಟಿಗೊಳಿಸುವ ದ್ರವ) ಬೆರೆಸುವ ಎರಡು ಭಾಗದ ಕ್ಲಿಯರ್ ಕೋಟ್ ಬೇಕು. ಅದರ ಹೊಗೆ ಶ್ವಾಸಕೋಶಕ್ಕೆ ಅಪಾಯ, ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಹಾಗಾಗಿ ಟ್ಯಾಂಕ್ ಮಾತ್ರ ಪೇಂಟರ್ ಬಳಿ ಹೋಯಿತು. ನನ್ನ ಮಡ್ಗಾರ್ಡ್ ನೋಡಿ ಅವರು, "ಯಾರ ಹತ್ತಿರ ಮಾಡಿಸಿದಿರಿ?" ಎಂದರು.