ಚಾರ್ಜಿಂಗ್ ಗಾಡಿಯ ಮೇಲೆ 16 ತಿಂಗಳ ರೊಟ್ಟಿ ವ್ಯಾಪಾರ

ಕಲಬುರಗಿಯಲ್ಲಿ ನನ್ನದೊಂದು ಸಣ್ಣ ರೊಟ್ಟಿ ಕೇಂದ್ರ. ಬಿಸಿ ರೊಟ್ಟಿ, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಹಾಸ್ಟೆಲ್, ಖಾನಾವಳಿ, ಮನೆಗಳಿಗೆ ನಾನೇ ಒಯ್ದು ಕೊಡುತ್ತೇನೆ. ಸೂಪರ್ ಮಾರ್ಕೆಟ್‌ನಿಂದ ಜ್ಞಾನಗಂಗಾ ಕ್ಯಾಂಪಸ್‌ವರೆಗೆ ಸುತ್ತಿದರೆ ದಿನಕ್ಕೆ 35 ಕಿಲೋಮೀಟರ್. 16 ತಿಂಗಳಿಂದ ಇದೆಲ್ಲ ಒಂದು ಚಾರ್ಜಿಂಗ್ ಸ್ಕೂಟರ್ ಮೇಲೆ ನಡೆದಿದೆ. ಕಂಪನಿ ಹೆಸರು ಬೇಡ, ಗಾಡಿಯ ಗುಣ ಹೇಳುತ್ತೇನೆ.

ಓಟಕ್ಕೆ ಮೋಸವಿಲ್ಲ. ಒಮ್ಮೆ ತುಂಬ ಚಾರ್ಜ್ ಮಾಡಿದರೆ ಹೇರು ಸಮೇತ 80 ಕಿಲೋಮೀಟರ್ ಬರುತ್ತದೆ. ಮನೆಮನೆಗೆ ನಿಂತು ಹೊರಡುವ ನನ್ನಂಥವರಿಗೆ ಕಿಕ್ ಹೊಡೆಯುವ ಕಾಟ ತಪ್ಪಿದ್ದೇ ದೊಡ್ಡದು. ಹಿಂದೆ ಪೆಟ್ರೋಲಿಗೆ ತಿಂಗಳಿಗೆ 2,400 ರೂಪಾಯಿ ಹೋಗುತ್ತಿತ್ತು. ಈಗ ಸುಮಾರು 37 ಯೂನಿಟ್ ಕರೆಂಟ್, ಅಷ್ಟೇ.

ಆದರೆ ನಾನು ಈ ಗಾಡಿ ತಗೊಂಡಿದ್ದು ಹೊಗೆಗಾಗಿ. ರೊಟ್ಟಿ ಸುತ್ತುವ ಬಿಳಿ ಬಟ್ಟೆ ಸಂಜೆ ಮನೆಗೆ ಬರುವಷ್ಟರಲ್ಲಿ ಮಸಿ ಹಿಡಿದಿರುತ್ತಿತ್ತು. ಹೊಸ ಗಾಡಿ ಬಂದ ಮೇಲೆ ಬಟ್ಟೆ ಬೆಳ್ಳಗಿರುತ್ತದೆ ಅಂದುಕೊಂಡಿದ್ದೆ. ಇರಲಿಲ್ಲ. ನನ್ನ ಗಾಡಿ ಹೊಗೆ ಬಿಡದಿದ್ದರೇನು, ಸೂಪರ್ ಮಾರ್ಕೆಟ್‌ನಲ್ಲಿ ಸುತ್ತಲೂ ನಿಂತ ಆಟೋ, ಟಂಟಂ, ಲಾರಿ ಬಿಡುತ್ತವಲ್ಲ. ಅವೂ ಬದಲಾಗುವ ತನಕ ಬಟ್ಟೆಯ ಮಸಿ ಹೋಗುವುದಿಲ್ಲ. ಮಸಿ ಹೋದರೂ ಧೂಳು ಉಳಿಯುತ್ತದೆ: ರಸ್ತೆಯ ಮಣ್ಣು, ಟೈರು ಸವೆದ ಪುಡಿ. ಅದಕ್ಕೆ ಬ್ಯಾಟರಿ ಔಷಧವಲ್ಲ.

ನಮ್ಮಣ್ಣ ಗಾಡಿ ನೋಡಿದ ದಿನವೇ ಅಂದ: "ಹೊಗಿ ಕಲಬುರಗ್ಯಾಗ ಬಿಡೋದು ಬಿಟ್ಟು ಶಕ್ತಿನಗರದಾಗ ಬಿಟ್ಟಂಗ ಆತಲ್ಲವಾ ತಂಗಿ." ಮಾತು ಸುಳ್ಳಲ್ಲ. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟ ಕರೆಂಟೂ ನಮ್ಮ ತಂತಿಗೆ ಸೇರುತ್ತದೆ. ಹಾಗಾಗಿ ಮೀಟರ್ ಹಚ್ಚಿ ಲೆಕ್ಕ ಹಾಕಿದೆ. 100 ಕಿಲೋಮೀಟರಿಗೆ 3.5 ಯೂನಿಟ್. ದೇಶದ ಕರೆಂಟಿನ ಸರಾಸರಿ ಹಿಡಿದರೆ ಒಂದು ಯೂನಿಟ್ಟಿಗೆ 0.7 ಕಿಲೋ ಇಂಗಾಲದ ಡೈಆಕ್ಸೈಡ್, ಒಟ್ಟು ಎರಡೂವರೆ ಕಿಲೋ. ನನ್ನ ಹಳೆಯ ಪೆಟ್ರೋಲ್ ಗಾಡಿ ಲೀಟರಿಗೆ 45 ಕೊಡುತ್ತಿತ್ತು. ಲೀಟರ್ ಪೆಟ್ರೋಲ್ ಸುಟ್ಟರೆ 2.3 ಕಿಲೋ, ಅಂದರೆ ಅಷ್ಟೇ ದಾರಿಗೆ ಐದು ಕಿಲೋ. ಅರ್ಧಕ್ಕರ್ಧ ಕಡಿಮೆ. ಬ್ಯಾಟರಿ ಗಾಡಿ ಕಾರ್ಖಾನೆಯಿಂದಲೇ ಒಂದಿಷ್ಟು ಹೊಗೆಯ ಸಾಲ ಹೊತ್ತು ಬರುತ್ತದೆ, ಗಣಿ ಅಗೆಯಬೇಕು, ಅದಿರು ಶುದ್ಧ ಮಾಡಬೇಕು. ಅದನ್ನು ಓಡಿಸಿಯೇ ತೀರಿಸಬೇಕು. ಮನೆ ಮುಂದೆ ನಿಲ್ಲಿಸಿಟ್ಟರೆ ತೀರುವುದಿಲ್ಲ.

ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಬಿಸಿಲಿನ ಕರೆಂಟ್ ಹೆಚ್ಚಿರುವುದು ಮಧ್ಯಾಹ್ನ, ಅದಕ್ಕೇ ನಾನು ರಾತ್ರಿ ಬಿಟ್ಟು ಹಗಲು ಚಾರ್ಜ್ ಹಚ್ಚುತ್ತೇನೆ. ಇಲ್ಲೇ ಗಾಡಿಯ ದೊಡ್ಡ ಕೊರತೆ ಕಂಡದ್ದು. ಮೇ ತಿಂಗಳು, 43 ಡಿಗ್ರಿ. ಬಿಸಿಲಿಂದ ಬಂದ ಕೂಡಲೇ ಹಚ್ಚಿದರೆ ಕೆಂಪು ದೀಪ ಹತ್ತಿ ಚಾರ್ಜಿಂಗ್ ನಿಂತೇಬಿಡುತ್ತದೆ. ಶೋರೂಮಿನವರು ಎರಡು ಸಲ ಚಾರ್ಜರ್ ಬದಲಿಸಿ ಕೊಟ್ಟರು, ಬ್ಯಾಟರಿ ಕಾದಿದೆ ಅಂತ ಒಬ್ಬರೂ ಹೇಳಲಿಲ್ಲ. ಬೇವಿನ ನೆರಳಲ್ಲಿ ಒಂದು ತಾಸು ನಿಲ್ಲಿಸಿ ಆಮೇಲೆ ಹಚ್ಚಬೇಕೆಂದು ನಾನೇ ಕಂಡುಕೊಂಡೆ. ಈ ಸೆಕೆಯ ಊರಲ್ಲಿ ಗಾಡಿ ಮಾರುವವರು ಇದನ್ನು ಮೊದಲ ದಿನವೇ ಹೇಳಬೇಡವೇ?

ಇನ್ನು ನನ್ನನ್ನು ಎಲ್ಲಕ್ಕಿಂತ ಕಾಡುವ ವಿಷಯ. ಹಿಂದೊಮ್ಮೆ ನನ್ನ ಹತ್ತಿರ ಸೀಸದ ಬ್ಯಾಟರಿಯ ಅಗ್ಗದ ಚಾರ್ಜಿಂಗ್ ಗಾಡಿಯೂ ಇತ್ತು. ಒಂದೂವರೆ ವರ್ಷಕ್ಕೆ ಬ್ಯಾಟರಿ ಸತ್ತಿತು, ಗುಜರಿಗೆ ಹಾಕಿದೆ. ನಾನು ದುಡ್ಡು ಎಣಿಸುತ್ತಿದ್ದಂತೆಯೇ ಅಲ್ಲಿನ ಹುಡುಗ ಸುತ್ತಿಗೆಯಿಂದ ಮುಚ್ಚಳ ಒಡೆದು ಬ್ಯಾಟರಿಯನ್ನು ಬೋರಲು ಹಾಕಿದ. ಆ್ಯಸಿಡ್ ಶಹಾಬಾದ್ ಫರಸಿಯ ಮೇಲೆ ಬಿತ್ತು. ಸುಣ್ಣದ ಕಲ್ಲು ಅದು, ಸುಂಯ್ ಅಂತ ಬಿಳಿ ನೊರೆ ಎದ್ದು, ಕಲ್ಲು ತಿಂದುಕೊಂಡು ಗಟಾರಕ್ಕೆ ಹರಿಯಿತು. ಹತ್ತು ಮಾರು ದೂರದಲ್ಲಿ ಯಾರದೋ ಮನೆಯ ಬೋರು. ಒಳಗಿನ ಸೀಸದ ತಗಡನ್ನು ಆ ಹುಡುಗ ಬರಿಗೈಯಲ್ಲಿ ಎತ್ತಿಟ್ಟ. ಆ 1,800 ರೂಪಾಯಿ ಖರ್ಚು ಮಾಡಲು ಎಷ್ಟೋ ದಿನ ಮನಸ್ಸಾಗಲಿಲ್ಲ.

ಈಗಿನ ಗಾಡಿಯದು ಲಿಥಿಯಂ ಐರನ್ ಫಾಸ್ಫೇಟ್ ಅನ್ನುವ ಬಗೆಯ ಬ್ಯಾಟರಿ. ಸೀಸವಿಲ್ಲ, ಕೋಬಾಲ್ಟೂ ಇಲ್ಲ. ಆದರೂ ಗುಜರಿಯಲ್ಲಿ ಒಡೆಯುವ ವಸ್ತುವಲ್ಲ, ಬೆಂಕಿ ಹತ್ತಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆ ಬ್ಯಾಟರಿ ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಿಸಿದವರದೇ. ಅದನ್ನು ಮಣ್ಣಲ್ಲಿ ಹೂಳುವಂತಿಲ್ಲ, ಸುಡುವಂತಿಲ್ಲ. ಶೋರೂಮಿನಲ್ಲಿ ಕೇಳಿದರೆ, "ಅಕ್ಕಾರ, ಇನ್ನಾ ಮೂರು ವರ್ಷ ಗ್ಯಾರಂಟಿ ಅದ, ಈಗ್ಯಾಕ್ ಚಿಂತಿ ಮಾಡ್ತೀರಿ?" ಅಂದರು. ಮೂರು ಸಲ ಹೋದೆ. ಮೂರನೇ ಸಲ ರೊಟ್ಟಿ ಬುಟ್ಟಿ ಕೌಂಟರ್ ಪಕ್ಕ ಇಟ್ಟು, ಬರೆದುಕೊಡುವ ತನಕ ಏಳುವುದಿಲ್ಲ ಅಂತ ಕುಂತೆ. ಕೊನೆಗೆ ಬಿಲ್ಲಿನ ಹಿಂದೆ ಬ್ಯಾಟರಿಯ ನಂಬರ್ ಬರೆದು, ವಾಪಸ್ ತಗೋತೀವಿ ಅಂತ ಸಹಿ, ಸಿಕ್ಕಾ ಹಾಕಿಕೊಟ್ಟರು.

ಗಾಡಿ ತಗೊಳ್ಳಿ, ಖಂಡಿತ ತಗೊಳ್ಳಿ. ಆ ಸಹಿ ಹಾಕಿಸಿಕೊಂಡೇ ದುಡ್ಡು ಕಟ್ಟಿ.